ಸರಕ್ಕೆ ಸಿಕ್ಕಿಕೊಂಡ ಮಚ್ಚೆ: ತೆಗೆಸಲು ಹೊರಟ ನನ್ನ ನಾಲ್ಕು ತಿಂಗಳು

ಮೊನ್ನೆ ಶುಕ್ರವಾರ ಕೊನೆಯ ಚೆಕಪ್ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು ಜನವರಿವರೆಗೆ ಎಳೆಯಿತು. ಮಚ್ಚೆ ತೆಗೆಸೋಕೆ ಇಷ್ಟು ದಿನ ಬೇಕಾ ಅಂತ ಮನೆಯಲ್ಲೂ ಕೇಳಿದರು. ನಿಜಕ್ಕೂ ಬೇಕಿರಲಿಲ್ಲ. ಮೊದಲೇ ಯಾರಾದರೂ ನಾಲ್ಕು ಮಾತು ಬಿಡಿಸಿ ಹೇಳಿದ್ದರೆ ಅರ್ಧ ಓಡಾಟ ತಪ್ಪುತ್ತಿತ್ತು. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನನಗೆ ಎರಡು ಮಚ್ಚೆ ಇದ್ದವು. ಒಂದು ಎಡ ಕೆನ್ನೆಯ ಮೇಲೆ, ಮೆಣಸಿನ ಕಾಳಿನಷ್ಟು, ಸ್ವಲ್ಪ ಉಬ್ಬು, ನಡುವೆ ಒಂದು ಕೂದಲು. ಇದು ಬುದ್ಧಿ ಬಂದಾಗಿನಿಂದ ಇದೆ. ಅಜ್ಜಿ ಇದನ್ನು ದೇವರೇ ಇಟ್ಟ ದೃಷ್ಟಿ ಬೊಟ್ಟು ಅನ್ನುತ್ತಿದ್ದರು. ಇನ್ನೊಂದು ಕುತ್ತಿಗೆಯ ಹಿಂದೆ, ಜಡೆ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ. ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ, ಬೆರಳಿಗೆ ತಾಗುತ್ತಿತ್ತು ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ತಲೆಯ ಮೇಲಿಂದ ಕುರ್ತಾ ಎಳೆದೆ. ಸರದ ಕೊಂಡಿ ಆ ಮಚ್ಚೆಗೆ ಸಿಕ್ಕಿಕೊಂಡು ಕಿತ್ತುಬಂದ ಹಾಗಾಯಿತು. ರಕ್ತ ಕಾಲರ್‌ವರೆಗೆ ಇಳಿದಿತ್ತು. ಅರಿಶಿನ ಒತ್ತಿ, ಹತ್ತಿ ಕಟ್ಟಿ ಹೋದೆ. ಎರಡು ವಾರದಲ್ಲಿ ಮತ್ತೆ ಎರಡು ಸಲ ರಕ್ತ ಬಂತು. ಒಂದು ರಾತ್ರಿ ಗಂಡನಿಗೆ ಮೊಬೈಲಿನಲ್ಲಿ ಫೋಟೋ ತೆಗೆಯಲು ಹೇಳಿದೆ. ಫೋಟೋ ನೋಡಿ ಎದೆ ಧಸಕ್ ಅಂತು. ಒಂದು ಕಡೆ ಕಂದು, ಒಂದು ಕಡೆ ಕಪ್ಪು, ನಡುವೆ ಕೆಂಪು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ದೊಡ್ಡದಾಗಿತ್ತು.

ಇಲ್ಲಿಂದ ಎಲ್ಲರ ಸಲಹೆ ಶುರು. ಮಚ್ಚೆಗೆ ಕತ್ತಿ ತಾಗಿಸಿದರೆ ಕ್ಯಾನ್ಸರ್ ಆಗುತ್ತೆ, ಮುಟ್ಟಲೇಬೇಡ ಅಂತ ಅತ್ತೆ. ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಕಡ್ಡಿಯಲ್ಲಿ ಇಟ್ಟರೆ ತಾನೇ ಉದುರುತ್ತೆ ಅಂತ ಪಕ್ಕದ ಮನೆಯವರು. ಕುದುರೆ ಕೂದಲು ಕಟ್ಟು ಅಂತ ಇನ್ನೊಬ್ಬರು. ಸುಣ್ಣ ಸೋಡಾದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಸುಣ್ಣ ಮತ್ತು ವಾಷಿಂಗ್ ಸೋಡಾ ನೀರಿನಲ್ಲಿ ಸೇರಿದರೆ ಆಗುವುದು ಕಾಸ್ಟಿಕ್ ಸೋಡಾ. ಅದು ಮಚ್ಚೆ ಯಾವುದು, ಒಳ್ಳೆಯ ಚರ್ಮ ಯಾವುದು ಅಂತ ನೋಡುವುದಿಲ್ಲ, ಎರಡನ್ನೂ ಸುಡುತ್ತದೆ. ನನ್ನ ಚಿಕ್ಕಪ್ಪನ ಮಗಳು ಪಿಯುಸಿಯಲ್ಲಿದ್ದಾಗ ಗಲ್ಲದ ಮಚ್ಚೆಗೆ ಇದನ್ನೇ ಹಚ್ಚಿಸಿಕೊಂಡಳು. ಮಚ್ಚೆ ಹೋಯಿತು. ಅದರ ಜಾಗದಲ್ಲಿ ಎಂಟಾಣೆ ಅಗಲದ, ಎಳೆದು ಹೊಳೆಯುವ ಗಾಯದ ಗುರುತು ಇವತ್ತಿಗೂ ಇದೆ. ಹದಿನೈದು ವರ್ಷವಾಯಿತು, ಫೋಟೋ ತೆಗೆಯುವಾಗ ಈಗಲೂ ಆ ಕಡೆ ಮುಖ ತಿರುಗಿಸುತ್ತಾಳೆ.

ಆನ್‌ಲೈನಿನಲ್ಲಿ ಸಿಗುವ ಮಚ್ಚೆ ತೆಗೆಯುವ ಕ್ರೀಮ್‌ಗಳದ್ದೂ ಇದೇ ಕಥೆ. ನಾನೂ ಒಂದನ್ನು ಕಾರ್ಟಿಗೆ ಹಾಕಿದ್ದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಚ್ಚೆ ತೆಗೆಯಲು ತಾನು ಒಪ್ಪಿಗೆ ಕೊಟ್ಟ ಕ್ರೀಮ್ ಒಂದೂ ಇಲ್ಲ, ಇವುಗಳಿಂದ ಚರ್ಮಕ್ಕೆ ಗಾಯ, ಕಲೆ ಆಗಬಹುದು ಎಂದು ಎಚ್ಚರಿಸಿತ್ತು. ಅದನ್ನು ಓದಿದ ಮೇಲೆ ಕಾರ್ಟಿನಿಂದ ತೆಗೆದೆ.

ಇನ್ನೊಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. ನಾವು ಎಲ್ಲವನ್ನೂ ಮಚ್ಚೆ ಅಂದುಬಿಡುತ್ತೇವೆ. ನರುಳ್ಳಿ ಬೇರೆ, ಅದು ವೈರಸ್‌ನಿಂದ ಬರುವಂಥದ್ದು, ಒರಟಾಗಿರುತ್ತೆ. ಕುತ್ತಿಗೆ ಸುತ್ತ, ಕಂಕುಳಲ್ಲಿ ಜೋತಾಡುವ ಮೆತ್ತನೆ ಚರ್ಮದ ತುಣುಕು ಬೇರೆ. ವಯಸ್ಸಾದಂತೆ ಕೆನ್ನೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಬರುವ ಕಪ್ಪು ಚುಕ್ಕೆ ಬೇರೆ. ಮಚ್ಚೆ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದು ಕಡೆ ಗುಂಪಾಗಿರುವುದು. ಉಳಿದವುಗಳನ್ನು ಸುಡಬಹುದು, ಕೆಲವನ್ನು ತಣ್ಣನೆಯ ದ್ರವ ನೈಟ್ರೋಜನ್ ಇಟ್ಟು ತೆಗೆಯಬಹುದು. ಮಚ್ಚೆಗೆ ಮಾತ್ರ ಸುಡುವ ಮೊದಲು ಅದು ಏನು ಅಂತ ಗೊತ್ತಾಗಬೇಕು. ನನಗೆ ಈ ಒಂದು ಮಾತು ಅರ್ಥವಾಗಲು ಎರಡು ತಿಂಗಳು ಬೇಕಾಯಿತು.

ಮೊದಲು ಹೋಗಿದ್ದು ನಮ್ಮ ಮೈಸೂರಿನಲ್ಲೇ ಇರುವ ಒಂದು ಲೇಸರ್ ಕ್ಲಿನಿಕ್‌ಗೆ. ಎಸಿ, ಗಾಜಿನ ಬಾಗಿಲು, ಕುಡಿಯಲು ಗ್ರೀನ್ ಟೀ. ಮಾತಾಡಿಸಿದ್ದು ಡಾಕ್ಟರ್ ಅಲ್ಲ, ಕೌನ್ಸೆಲರ್ ಅಂತೆ. ಒಂದು ಮಚ್ಚೆಗೆ 2,000, ಎರಡಕ್ಕೆ 3,500, ಇವತ್ತೇ ಕಟ್ಟಿದರೆ 3,000. ಹತ್ತು ನಿಮಿಷದ ಕೆಲಸ, ಹೊಲಿಗೆ ಇಲ್ಲ, ಕಲೆ ಇಲ್ಲ. ಮಚ್ಚೆಯನ್ನು ದೂರದಿಂದಲೇ ನೋಡಿದರು. ರಕ್ತ ಬರ್ತಿದೆ, ಬಣ್ಣ ಬದಲಾಗಿದೆ, ಪರೀಕ್ಷೆಗೆ ಕಳಿಸಬೇಕಲ್ವಾ ಅಂತ ಕೇಳಿದೆ. ಲೇಸರ್‌ನಲ್ಲಿ ಆವಿಯಾಗಿ ಹೋಗುತ್ತೆ ಮೇಡಂ, ಕಳಿಸೋಕೆ ಏನೂ ಉಳಿಯಲ್ಲ ಅಂದರು.

ಆ ಮಾತು ಅವರು ಅನುಕೂಲ ಅನ್ನುವ ಹಾಗೆ ಹೇಳಿದರು. ನನಗೆ ಮಾತ್ರ ಅಲ್ಲೇ ಕಾಲು ಹಿಂದೆ ಸರಿಯಿತು. ಯೋಚಿಸಿ ಬರ್ತೀನಿ ಅಂತ ಎದ್ದೆ. ಆಮೇಲೆ ಮೂರು ವಾರ ದಿನಕ್ಕೆರಡು ಸಲ ಫೋನ್ ಮಾಡಿದರು. ದಯವಿಟ್ಟು ಯಾರೂ ಆ ದಿನದ ಆಫರ್‌ಗೆ ಬಿದ್ದು ದುಡ್ಡು ಕಟ್ಟಬೇಡಿ. ಲೇಸರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಚರ್ಮದ ಡಾಕ್ಟರ್ ಪರೀಕ್ಷೆ ಮಾಡಿ ಇದು ಅಪಾಯವಿಲ್ಲದ್ದು ಅಂತ ಹೇಳಿದ ಮೇಲೆ ಚಿಕ್ಕದಕ್ಕೆ ಅದನ್ನೂ ಮಾಡುತ್ತಾರೆ. ಅನುಮಾನ ಇರುವ ಮಚ್ಚೆಯನ್ನು ಸುಟ್ಟರೆ ಮಾತ್ರ, ಒಳಗೆ ಏನಿತ್ತು ಅಂತ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಮೇಲೆ ಚರ್ಮ ಮುಚ್ಚಿಕೊಂಡಿರುತ್ತೆ, ಕೆಳಗೆ ಉಳಿದದ್ದು ಬೆಳೆಯುತ್ತಿರಬಹುದು.

ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಬೆಳಗ್ಗೆ ಎಂಟೂವರೆಗೆ ಚೀಟಿಯ ಸಾಲು, ಚೀಟಿಗೆ 10 ರೂಪಾಯಿ, ಆಧಾರ್ ಕೇಳಿದರು. ಚರ್ಮದ ವಿಭಾಗದ ಮುಂದೆ ಬೆಂಚು ತುಂಬಿತ್ತು, ನಿಂತೇ ಕಾದೆ. ಹನ್ನೊಂದೂ ಮುಕ್ಕಾಲಿಗೆ ಒಳಗೆ ಕರೆದರು. ಓದುತ್ತಿರುವ ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗಿ. ಎಷ್ಟು ತಾಳ್ಮೆಯಿಂದ ನೋಡಿದಳು ಅಂದರೆ ಮೂರು ಗಂಟೆ ಕಾದ ಸುಸ್ತು ಇಳಿಯಿತು. ಕೈಯಲ್ಲಿ ಟಾರ್ಚಿನಂಥ ಒಂದು ಉಪಕರಣ, ಡರ್ಮೋಸ್ಕೋಪ್ ಅಂತ. ಅದನ್ನು ಚರ್ಮಕ್ಕೆ ತಾಗಿಸಿ ನೋಡಿದರೆ ಮಚ್ಚೆಯ ಒಳಗಿನ ಬಣ್ಣದ ಬಲೆ ದೊಡ್ಡದಾಗಿ ಕಾಣುತ್ತೆ. ಕೆನ್ನೆಯದು ಏನೂ ತೊಂದರೆಯಿಲ್ಲ, ಬೇಕಾದರೆ ಮಾತ್ರ ತೆಗೆಸಿ. ಕುತ್ತಿಗೆಯದು ಪದೇ ಪದೇ ಗಾಯವಾಗಿ ಹೀಗಾಗಿರಬಹುದು, ಆದರೂ ಪೂರ್ತಿ ಕತ್ತರಿಸಿ ಲ್ಯಾಬ್‌ಗೆ ಕಳಿಸೋಣ ಅಂದಳು.

ಏನನ್ನು ನೋಡಿ ಹೇಳುತ್ತೀರಿ ಅಂತ ಕೇಳಿದೆ. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಳು. ಮಚ್ಚೆಯ ನಡುವೆ ಗೆರೆ ಎಳೆದರೆ ಎರಡೂ ಅರ್ಧ ಒಂದೇ ಥರ ಇದೆಯಾ. ಅಂಚು ನೇರವಾಗಿದೆಯಾ, ಹರಿದ ಹಾಗಿದೆಯಾ. ಬಣ್ಣ ಒಂದೇನಾ, ಎರಡು ಮೂರಾ. ಅಗಲ 6 ಮಿಲಿಮೀಟರ್‌ಗಿಂತ, ಅಂದರೆ ಪೆನ್ಸಿಲ್ಲಿನ ಹಿಂಭಾಗಕ್ಕಿಂತ ಜಾಸ್ತಿನಾ. ಎಲ್ಲಕ್ಕಿಂತ ಮುಖ್ಯ, ಇತ್ತೀಚೆಗೆ ಬದಲಾಗುತ್ತಿದೆಯಾ. ಇದರಲ್ಲಿ ಒಂದಿದ್ದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ, ತೋರಿಸಬೇಕು ಅಂತ ಅರ್ಥ. ನಮ್ಮಂಥ ಬಣ್ಣದ ಚರ್ಮದವರಿಗೆ ಮಚ್ಚೆಯ ಕ್ಯಾನ್ಸರ್, ಮೆಲನೋಮಾ, ಬರುವುದೇ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಅಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ, ಅದಕ್ಕೇ ತಡವಾಗುತ್ತೆ ಅಂದಳು. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಗೊತ್ತಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗಿನ ಮೆಲನೋಮಾ, 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡರು. ಅವತ್ತು ರಾತ್ರಿ ಮನೆಯಲ್ಲಿ ಎಲ್ಲರ ಅಂಗಾಲನ್ನೂ ಟಾರ್ಚ್ ಹಾಕಿ ನೋಡಿದೆ.

ಅತ್ತೆಯ ಮಾತನ್ನೂ ಕೇಳಿದೆ, ಕತ್ತಿ ತಾಗಿದರೆ ಕ್ಯಾನ್ಸರ್ ಆಗುತ್ತಾ ಅಂತ. ಇಲ್ಲ. ಒಳ್ಳೆಯ ಮಚ್ಚೆಯನ್ನು ಕತ್ತರಿಸಿದರೆ ಅದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಮೊದಲೇ ಕೆಟ್ಟದ್ದಾಗಿದ್ದನ್ನು ಪರೀಕ್ಷೆಗೆ ಕಳಿಸದೆ ಅರ್ಧಂಬರ್ಧ ತೆಗೆದು, ಆಮೇಲೆ ಅದು ಹರಡಿದಾಗ ಜನ ಕತ್ತಿಯನ್ನು ಬೈಯುತ್ತಾರೆ ಅಂದಳು. ಮನೆಗೆ ಬಂದು ಅತ್ತೆಗೆ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಅಣ್ಣನದ್ದೂ ಹಾಗೇ ಆಗಿತ್ತೇನೋ ಅಂದರು.

ಆಸ್ಪತ್ರೆಯಲ್ಲಿ ದಿನಾಂಕ ಕೊಟ್ಟರು. ದಸರಾ ರಜೆ ಬಂತು, ಮುಂದೆ ಹೋಯಿತು. ಎರಡನೇ ಸಲ ಹೋದಾಗ ಮೈನರ್ ಓಟಿಯಲ್ಲಿ, ಅಂದರೆ ಸಣ್ಣ ಆಪರೇಷನ್ ಮಾಡುವ ಕೋಣೆಯಲ್ಲಿ, ತುರ್ತು ಕೇಸ್‌ಗಳು, ಮಧ್ಯಾಹ್ನ ಎರಡರವರೆಗೆ ಕಾದು ವಾಪಸ್ ಬಂದೆ. ಅವರನ್ನು ದೂರುವುದಿಲ್ಲ, ಅಲ್ಲಿ ಕೈಕಾಲು ಮುರಿದುಕೊಂಡು ಬಂದವರಿದ್ದರು. ರಜೆ ಸಿಗುವವರು, ಕಾಯುವಷ್ಟು ಸಮಯ ಇರುವವರು ಖಂಡಿತ ಅಲ್ಲೇ ಮಾಡಿಸಿ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತೆ. ನನಗೆ ಮನಸ್ಸಿನ ಒಳಗೆ ಭಯ ಕೂತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗಳ ಜಡೆ ಹಾಕುವಾಗ ಕೈ ತಾನಾಗೇ ನನ್ನ ಕುತ್ತಿಗೆಗೆ ಹೋಗುತ್ತಿತ್ತು.

ದೀಪಾವಳಿ ಮುಗಿದ ವಾರ ಖಾಸಗಿಯಾಗಿ ನೋಡುವ ಒಬ್ಬ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಫೀಸ್ 500, ಡರ್ಮೋಸ್ಕೋಪಿಗೆ 300. ಇವರೂ ಅದೇ ಮಾತು ಹೇಳಿದರು, ಅದರಿಂದ ಸಮಾಧಾನವಾಯಿತು. ಎರಡಕ್ಕೂ ಬೇರೆ ಬೇರೆ ದಾರಿ ಅಂತ ಬಿಡಿಸಿ ಹೇಳಿದರು.

ಕೆನ್ನೆಯದು ಉಬ್ಬಿದೆ, ಲಕ್ಷಣ ಎಲ್ಲ ಒಳ್ಳೆಯದು. ಅದನ್ನು ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಹೆರೆದು ತೆಗೆದು, ಆ ತುಣುಕನ್ನು ಲ್ಯಾಬ್‌ಗೆ ಇಟ್ಟುಕೊಂಡು, ಬುಡವನ್ನು ಕರೆಂಟಿನಿಂದ ಸುಡುವ ರೇಡಿಯೋ ಫ್ರೀಕ್ವೆನ್ಸಿ ಮೆಷಿನ್ನಿನಿಂದ ಸವರುತ್ತಾರೆ. ಹೊಲಿಗೆ ಇಲ್ಲ, ಕಲೆ ಕಮ್ಮಿ. ಆದರೆ ಬೇರಿನಲ್ಲಿ ಒಂದಿಷ್ಟು ಜೀವಕೋಶ ಉಳಿಯಬಹುದು, ಆದ್ದರಿಂದ ಬಣ್ಣವೋ ಕೂದಲೋ ಮತ್ತೆ ಬರಬಹುದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಮಾಡಿಸಿ ಅಂದರು. ಕುತ್ತಿಗೆಯದನ್ನು ಪೂರ್ತಿ ಆಳದವರೆಗೆ ಕತ್ತರಿಸಿ ಹೊಲಿಗೆ ಹಾಕಬೇಕು. ಅದರಲ್ಲಿ ಮರಳಿ ಬರುವುದು ಕಮ್ಮಿ, ಲ್ಯಾಬ್‌ಗೆ ಪೂರ್ತಿ ತುಂಡು ಸಿಗುತ್ತೆ. ಆದರೆ ಗೆರೆ ಉಳಿಯುತ್ತೆ.

ಆ ಗೆರೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಎಷ್ಟೋ ಜನ ಹೊಲಿಗೆ ನೋಡಿ ಮೋಸ ಹೋದೆವು ಅಂದುಕೊಳ್ಳುತ್ತಾರೆ. ನನ್ನ ಮಚ್ಚೆ 8 ಮಿಲಿಮೀಟರ್. ಗೆರೆ ಎರಡೂವರೆ ಸೆಂಟಿಮೀಟರ್. ದುಂಡಗೆ ಕತ್ತರಿಸಿ ಎಳೆದು ಹೊಲಿದರೆ ಎರಡು ತುದಿಯಲ್ಲೂ ಚರ್ಮ ಉಬ್ಬಿ ಎದ್ದು ನಿಲ್ಲುತ್ತೆ. ಅದಕ್ಕೆ ಬಾದಾಮಿ ಆಕಾರದಲ್ಲಿ, ಅಗಲದ ಸುಮಾರು ಮೂರು ಪಟ್ಟು ಉದ್ದಕ್ಕೆ ಕತ್ತರಿಸುತ್ತಾರೆ. ಮೊದಲೇ ಪೆನ್ನಿನಲ್ಲಿ ಬರೆದು ಫೋಟೋ ತೋರಿಸಿ ಅಂತ ಕೇಳಿ, ತೋರಿಸುತ್ತಾರೆ.

ಪೇಪರ್ ಕೆಲಸ ಇಲ್ಲಿಂದ ಶುರುವಾಯಿತು. ರಕ್ತ ಪರೀಕ್ಷೆ: ಸಿಬಿಸಿ (ರಕ್ತಕಣಗಳ ಎಣಿಕೆ), ಶುಗರ್, ರಕ್ತ ಹೆಪ್ಪುಗಟ್ಟುವ ಸಮಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ. ಒಟ್ಟು 1,450. ಎಚ್‌ಐವಿ ಅಂದ ತಕ್ಷಣ ಗಾಬರಿಯಾಗಬೇಡಿ, ಕತ್ತಿ ಹಿಡಿಯುವ ಮುಂಚೆ ಹೆಚ್ಚಿನ ಕಡೆ ಎಲ್ಲರಿಗೂ ಬರೆಯುತ್ತಾರೆ. ಯಾವ ಮಾತ್ರೆ ತಗೋತೀರಿ, ಅಲರ್ಜಿ ಇದೆಯಾ, ಎದೆಗೆ ಪೇಸ್‌ಮೇಕರ್ ಹಾಕಿದೆಯಾ, ಹಳೆಯ ಗಾಯ ಉಬ್ಬಿ ಗಂಟಾಗಿದೆಯಾ ಅಂತೆಲ್ಲ ಕೇಳಿದರು. ಪೇಸ್‌ಮೇಕರ್ ಇದ್ದರೆ ಕರೆಂಟಿನಿಂದ ಸುಡುವ ಮೆಷಿನ್ ವಿಷಯದಲ್ಲಿ ಎಚ್ಚರ ಬೇಕಂತೆ. ಗಾಯ ಉಬ್ಬುವ ಮೈಯವರಿಗೆ ಎದೆ, ಭುಜ, ಕಿವಿಯ ಹಾಲೆ ಇಲ್ಲೆಲ್ಲ ಮಚ್ಚೆಗಿಂತ ದೊಡ್ಡ ಗಂಟು ಉಳಿಯಬಹುದು, ಸುಮ್ನೆ ಅಂದಕ್ಕೆ ಅಂತ ಅಲ್ಲಿ ಕೈ ಹಾಕಿಸಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹಾರ್ಟಿಗೆ ತಗೊಳ್ಳುವ ಆಸ್ಪಿರಿನ್ ಮಾತ್ರೆಯನ್ನು, ರಕ್ತ ಜಾಸ್ತಿ ಹೋಗುತ್ತೆ ಅಂತ ತಾವೇ ನಾಲ್ಕು ದಿನದಿಂದ ನಿಲ್ಲಿಸಿದ್ದರು. ಡಾಕ್ಟರ್ ತುಂಬಾ ಬೇಸರ ಮಾಡಿಕೊಂಡರು. ಬರೆದುಕೊಟ್ಟವರನ್ನು ಕೇಳದೆ ಅಂಥ ಮಾತ್ರೆ ನಿಲ್ಲಿಸಬಾರದು.

ಇನ್ಶೂರೆನ್ಸ್ ಕಥೆ ಬೇರೆ. ಗಂಡನ ಕಂಪನಿಯ ಪಾಲಿಸಿ ಇತ್ತು. ನಾನು ಎರಡೂ ಮಚ್ಚೆಯನ್ನು ಒಂದೇ ಎಸ್ಟಿಮೇಟ್‌ನಲ್ಲಿ ಬರೆಸಿ ಕಳಿಸಿದೆ. ಎರಡೇ ದಿನದಲ್ಲಿ ಕಾಸ್ಮೆಟಿಕ್ ಅಂತ ಪೂರ್ತಿ ತಳ್ಳಿಹಾಕಿದರು. ನಮ್ಮ ದೇಶದ ಹೆಲ್ತ್ ಪಾಲಿಸಿಗಳಲ್ಲಿ ಅಂದಕ್ಕಾಗಿ ಮಾಡಿಸುವ ಸರ್ಜರಿಯನ್ನು ಹೊರಗಿಡುವ ಕಲಮು ಇದೆ, ಎಕ್ಸ್‌ಕ್ಲೂಷನ್ ಕೋಡ್ 08 ಅಂತ ಪಾಲಿಸಿ ಪುಸ್ತಕದಲ್ಲೇ ಇರುತ್ತೆ. ಅದೇ ಕಲಮಿನಲ್ಲಿ, ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ಡಾಕ್ಟರ್ ಅಗತ್ಯ ಎಂದು ಬರೆದುಕೊಟ್ಟರೆ ಅದು ಬೇರೆ ಎಂದೂ ಇದೆ. ಅದನ್ನು ಓದಿದ ಮೇಲೆ ಕುತ್ತಿಗೆಯದಕ್ಕೆ ಬೇರೆ ಎಸ್ಟಿಮೇಟ್, ಬೇರೆ ಬಿಲ್ ಮಾಡಿಸಿದೆ. ಪದೇ ಪದೇ ರಕ್ತಸ್ರಾವ, ಬಣ್ಣದಲ್ಲಿ ಬದಲಾವಣೆ, ಪರೀಕ್ಷೆಗಾಗಿ ತೆಗೆಯಬೇಕು ಅಂತ ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಸರ್ಕಾರಿ ಆಸ್ಪತ್ರೆಯ ಆ ಹತ್ತು ರೂಪಾಯಿ ಚೀಟಿ ಇಲ್ಲಿ ಉಪಯೋಗಕ್ಕೆ ಬಂತು, ಅದರಲ್ಲೂ ಇದೇ ಬರೆದಿತ್ತು. ಯಾವ ಚೀಟಿಯನ್ನೂ ಬಿಸಾಡಬೇಡಿ. ಅಂದಕ್ಕೆ ಮಾಡಿಸುವುದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಕೂಡ ಬೀಳುತ್ತೆ, ಚಿಕಿತ್ಸೆಗೆ ಬೀಳುವುದಿಲ್ಲ. ಬಿಲ್ ಬೇರೆ ಮಾಡಿಸುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಅನಿರೀಕ್ಷಿತ ತಲೆನೋವು. ನನ್ನ ಸೇವಾ ಪುಸ್ತಕದಲ್ಲಿ, ಡಿಎಲ್ ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಬರೆದಿರುವುದೇ ಎಡ ಕೆನ್ನೆಯ ಮೇಲೆ ಕಪ್ಪು ಮಚ್ಚೆ. ಸ್ಕೂಲ್ ಆಫೀಸಿನ ಗುಮಾಸ್ತರನ್ನು ಕೇಳಿದೆ. ಒಂದು ಅರ್ಜಿ, ಡಾಕ್ಟರ್ ಕೊಟ್ಟ ಪತ್ರದ ನಕಲು ಕೊಡಿ, ಪುಸ್ತಕಕ್ಕೆ ಲಗತ್ತಿಸುತ್ತೇನೆ ಅಂದರು. ಮಾಡಿದೆ. ಮೊದಲು ಮತ್ತು ಆಮೇಲಿನ ಫೋಟೋ, ಡಾಕ್ಟರ್ ಪತ್ರ, ಲ್ಯಾಬ್ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ನವೆಂಬರ್ ಮೂರನೇ ವಾರ, ಗುರುವಾರ. ಎರಡು ದಿನ ಸಿಎಲ್ ಹಾಕಿದೆ. ತಿಂಡಿ ತಿಂದೇ ಬನ್ನಿ, ಬರಿ ಹೊಟ್ಟೆಯಲ್ಲಿ ಬಂದರೆ ತಲೆ ಸುತ್ತುತ್ತೆ ಅಂದಿದ್ದರು. ಎರಡು ಇಡ್ಲಿ ಕಷ್ಟಪಟ್ಟು ಇಳಿಸಿದೆ. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬರುತ್ತೆ, ಆದರೂ ಕನ್ನಡದಲ್ಲಿ ಹೇಳಿ ಅಂತ ಕೇಳಿದೆ. ಸಿಸ್ಟರ್ ಕೂತು ಸಾಲು ಸಾಲಾಗಿ ಹೇಳಿದರು. ಸೋಂಕು, ರಕ್ತ, ಕಲೆ, ಮತ್ತೆ ಬೆಳೆಯುವುದು, ಲ್ಯಾಬ್ ರಿಪೋರ್ಟ್ ನೋಡಿ ಇನ್ನೊಮ್ಮೆ ಅಗಲ ಕತ್ತರಿಸಬೇಕಾಗಬಹುದು ಎನ್ನುವುದು. ಈ ಕೊನೆಯದನ್ನು ಕೇಳಿಸಿಕೊಂಡು ಸಹಿ ಹಾಕುವುದು ಒಳ್ಳೆಯದು.

ಬೋರಲು ಮಲಗಿಸಿದರು. ಮರಗಟ್ಟಿಸುವ ಇಂಜೆಕ್ಷನ್, ಲಿಗ್ನೊಕೇನ್. ನೋವು ಅಂದರೆ ಇಷ್ಟೇ: ಕೆಂಪಿರುವೆ ಕಚ್ಚಿದ ಹಾಗೆ ಹತ್ತು ಹದಿನೈದು ಸೆಕೆಂಡ್ ಉರಿ. ಅದರಲ್ಲಿ ರಕ್ತ ಕಮ್ಮಿ ಬರಲಿ ಅಂತ ಅಡ್ರಿನಲಿನ್ ಸೇರಿಸಿರುತ್ತಾರೆ, ಅದಕ್ಕೆ ಎದೆ ಸ್ವಲ್ಪ ಡವಡವ ಅನ್ನಬಹುದು, ಗಾಬರಿ ಬೇಡ. ಎಂಟು ನಿಮಿಷ ಸುಮ್ಮನೆ ಬಿಟ್ಟರು. ಆಮೇಲೆ ಚರ್ಮ ಎಳೆಯುವುದು, ಒತ್ತುವುದು ಗೊತ್ತಾಗುತ್ತಿತ್ತು, ನೋವಿಲ್ಲ. ದಾರ ಚರ್ಮದೊಳಗೆ ಹಾದು ಹೋಗುವಾಗ ಹೂ ಕಟ್ಟುವಾಗ ನಾರು ಎಳೆದ ಹಾಗೆ ಒಂದು ಸಣ್ಣ ಜಗ್ಗು. ಐದು ಹೊಲಿಗೆ, ಇಪ್ಪತ್ತೈದು ನಿಮಿಷ. ಕೆನ್ನೆಯದು ಐದೇ ನಿಮಿಷ. ಆದರೆ ಕಣ್ಣಿನ ಪಕ್ಕದಲ್ಲೇ ಆ ಮೆಷಿನ್ನಿನ ಚುಯ್ ಶಬ್ದ, ಕೂದಲು ಸುಟ್ಟ ವಾಸನೆ. ಕಷ್ಟ ಅನ್ನಿಸಿದ್ದು ಅದೊಂದೇ.

ಎದ್ದು ಕೂತ ಮೇಲೆ ಸಿಸ್ಟರ್ ಎರಡು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೋರಿಸಿದರು. ಒಳಗೆ ನೀರಿನಂಥ ಫಾರ್ಮಲಿನ್, ತುಂಡು ಕೆಡದ ಹಾಗೆ ಇಡುವ ದ್ರವ. ಒಂದರ ತಳದಲ್ಲಿ ನೆನೆದ ಒಣದ್ರಾಕ್ಷಿಯಂಥ ತುಂಡು, ಅದರ ಒಂದು ತುದಿಗೆ ಕಪ್ಪು ದಾರ ಕಟ್ಟಿದೆ. ಯಾವ ತುದಿ ಮೇಲೆ ಅಂತ ಲ್ಯಾಬಿನವರಿಗೆ ಗೊತ್ತಾಗಲಿಕ್ಕೆ. ಇನ್ನೊಂದರಲ್ಲಿ ಮೆಣಸಿನ ಕಾಳಿನ ಮೇಲ್ಭಾಗ. ಮೂವತ್ತಾರು ವರ್ಷ ನನ್ನ ಮುಖದಲ್ಲಿದ್ದದ್ದು. ಸ್ಟಿಕರ್ ಓದಿದೆ. ಹೆಸರು ಸರಿ, ವಯಸ್ಸು ಸರಿ. ಎರಡರ ಮೇಲೂ ಕುತ್ತಿಗೆ ಅಂತಲೇ ಬರೆದಿತ್ತು. ಹೇಳಿದ ತಕ್ಷಣ ಸಿಸ್ಟರ್ ಕ್ಷಮೆ ಕೇಳಿ ಬದಲಾಯಿಸಿದರು. ನೋಡಿರದಿದ್ದರೆ? ಒಂದರಲ್ಲಿ ಏನಾದರೂ ಬಂದಿದ್ದರೆ ಯಾವ ಜಾಗದ್ದು ಅಂತ ಹೇಗೆ ಹುಡುಕುವುದು? ಡಬ್ಬಿಯ ಮೇಲಿನ ಹೆಸರು, ಜಾಗ, ಎಡ ಬಲ, ಇಷ್ಟನ್ನು ದಯವಿಟ್ಟು ನೀವೇ ಕಣ್ಣಾರೆ ಓದಿ. ತಲೆ ಸುತ್ತುತ್ತಿದ್ದರೆ ಜೊತೆಗೆ ಬಂದವರಿಂದ ಓದಿಸಿ.

ಮನೆಗೆ ಬಂದ ಮೇಲಿನ ಹತ್ತು ದಿನ ತಾಳ್ಮೆಯ ಕೆಲಸ. ಕುತ್ತಿಗೆ ಬಗ್ಗಿಸಿದರೆ ಹೊಲಿಗೆ ಬಿಗಿಯುತ್ತೆ, ಆದ್ದರಿಂದ ಉತ್ತರ ಪತ್ರಿಕೆ ತಿದ್ದುವುದು, ಪಾತ್ರೆ ತೊಳೆಯುವುದು ಕಷ್ಟ. ಮೊದಲ ಎರಡು ದಿನ ನೀರು ತಾಗಿಸಬಾರದು. ಸರ ತೆಗೆದಿಟ್ಟೆ. ಅತ್ತೆ ಏನಾದರೂ ಅಂದಾರು ಅಂದುಕೊಂಡಿದ್ದೆ, ಅವರೇ ತಾಳಿಯನ್ನು ಅರಿಶಿನ ದಾರಕ್ಕೆ ಪೋಣಿಸಿ, ಸಡಿಲವಾಗಿ ಮುಂದೆ ಇಳಿಬಿಟ್ಟು, ಗಾಯಕ್ಕೆ ತಾಗದ ಹಾಗೆ ಕಟ್ಟಿಕೊಟ್ಟರು. ಕೆನ್ನೆಗೆ ದಿನಕ್ಕೆ ಮೂರು ಸಲ ಮುಲಾಮು, ಆಮೇಲೆ ವ್ಯಾಸಲಿನ್. ಗಾಯ ಒಣಗಲಿ ಅಂತ ಬಿಡಬಾರದು, ಜಿಡ್ಡಾಗಿದ್ದರೇ ಬೇಗ ಮಾಯುತ್ತೆ, ಕಲೆ ಕಮ್ಮಿ. ಎಂಟನೇ ದಿನ ಮುಖ ತೊಳೆಯುವಾಗ ಹಕ್ಕಳೆ ತಾನೇ ಬಿತ್ತು. ಕೆಳಗೆ ಗುಲಾಬಿ ಬಣ್ಣದ ಸಣ್ಣ ಗುಳಿ. ಹಕ್ಕಳೆಯನ್ನು ಕೀಳಬೇಡಿ. ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಬಂದರೆ ಕಾಯಬೇಡಿ, ಹೋಗಿ ತೋರಿಸಿ.

ಹೊಲಿಗೆ ಬಿಚ್ಚಿದ್ದು ಹತ್ತನೇ ದಿನ, 300 ರೂಪಾಯಿ. ಮುಖದ್ದಾದರೆ ಐದರಿಂದ ಏಳು ದಿನಕ್ಕೇ ಬಿಚ್ಚುತ್ತಾರೆ, ಬೆನ್ನು, ಕಾಲಿನದ್ದಾದರೆ ಎರಡು ವಾರದ ಹತ್ತಿರ.

ರಿಪೋರ್ಟ್ ಐದು ದಿನಕ್ಕೆ ಬರುತ್ತೆ ಅಂದಿದ್ದರು. ಆರನೇ ದಿನ ಫೋನ್ ಮಾಡಿದೆ. ಕೆನ್ನೆಯದು ಬಂದಿದೆ, ಕುತ್ತಿಗೆಯದು ಇನ್ನೂ ಇಲ್ಲ, ಲ್ಯಾಬಿನವರು ಇನ್ನೊಂದಿಷ್ಟು ಆಳದ ಪದರ ಕತ್ತರಿಸಿ ನೋಡುತ್ತಿದ್ದಾರೆ ಅಂದರು. ಏಕೆ ಅಂದರೆ, ಅದು ಮಾಮೂಲು ಅಂದರು. ಮಾಮೂಲು ಅಂದರೆ ಏನು? ಆ ಐದು ದಿನ ನಾನು ಹೇಗೆ ಕಳೆದೆ ಅಂತ ಹೇಳಲು ಆಗುವುದಿಲ್ಲ. ಕ್ಲಾಸಿನಲ್ಲಿ ಪಾಠ ಮಾಡುತ್ತಾ ನಡುವೆ ಮಾತು ನಿಂತುಹೋಗುತ್ತಿತ್ತು. ಮಗಳಿಗೆ ಒಂಬತ್ತು ವರ್ಷ. ಅವಳ ಬೀರು ಜೋಡಿಸಿದೆ, ಬಟ್ಟೆಗೆಲ್ಲ ಗುಂಡಿ ಹೊಲಿದೆ, ಕೈ ಸುಮ್ಮನೆ ಕೂರುತ್ತಿರಲಿಲ್ಲ. ಆಮೇಲೆ ಡಾಕ್ಟರ್ ಹೇಳಿದರು, ಗಾಯವಾದ ಮಚ್ಚೆಯಲ್ಲಿ ಜೀವಕೋಶಗಳು ಕಲಕಿರುತ್ತವೆ, ಅದಕ್ಕೆ ಖಚಿತ ಮಾಡಿಕೊಳ್ಳಲು ಇನ್ನಷ್ಟು ಪದರ ನೋಡುತ್ತಾರೆ, ಅದು ಒಳ್ಳೆಯ ಲ್ಯಾಬಿನ ಲಕ್ಷಣ ಅಂತ. ತಡವಾದರೆ ಕೆಟ್ಟದ್ದೇ ಅಂತ ಅಲ್ಲ. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ?

ಹನ್ನೊಂದನೇ ದಿನ ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ತೆರೆಯಲು ಧೈರ್ಯವಾಗದೆ ಗಂಡನ ಕೈಗೆ ಕೊಟ್ಟೆ. ಕಾಂಪೌಂಡ್ ನೀವಸ್, ಗಾಯದಿಂದಾದ ಬದಲಾವಣೆ, ಕ್ಯಾನ್ಸರಿನ ಲಕ್ಷಣ ಇಲ್ಲ, ಅಂಚುಗಳಲ್ಲಿ ಮಚ್ಚೆ ಉಳಿದಿಲ್ಲ. ನೀವಸ್ ಅಂದರೆ ಮಚ್ಚೆ ಅಂತಲೇ ಅರ್ಥ. ಅವರು ಎರಡು ಸಲ ಓದಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ದುಡ್ಡಿನ ಲೆಕ್ಕ ಕೇಳುವವರಿಗೆ. ಫೀಸ್ ಮತ್ತು ಡರ್ಮೋಸ್ಕೋಪಿ 800, ರಕ್ತ ಪರೀಕ್ಷೆ 1,450, ಕುತ್ತಿಗೆಯ ಸರ್ಜರಿ 8,500, ಕೆನ್ನೆಯದು ಜಿಎಸ್‌ಟಿ ಸೇರಿ 3,540, ಲ್ಯಾಬ್ ಒಂದಕ್ಕೆ 1,400ರಂತೆ 2,800, ಔಷಧಿ 620, ಹೊಲಿಗೆ ಬಿಚ್ಚಿದ್ದು 300, ಗಾಯದ ಗುರುತಿಗೆ ಹಚ್ಚುವ ಸಿಲಿಕೋನ್ ಜೆಲ್ 780, ಸನ್‌ಸ್ಕ್ರೀನ್ 550. ಒಟ್ಟು 19,340. ಕುತ್ತಿಗೆಯ ಲೆಕ್ಕದಲ್ಲಿ 11,350ಕ್ಕೆ ಕ್ಲೇಮ್ ಹಾಕಿದ್ದೆ. ಎರಡು ಸಲ ಪ್ರಶ್ನೆ ಕೇಳಿದರು, ಲ್ಯಾಬ್ ರಿಪೋರ್ಟ್ ಮತ್ತು ಡಾಕ್ಟರ್ ಪತ್ರ ಮತ್ತೆ ಕಳಿಸಿದೆ. ಐದು ವಾರದ ಮೇಲೆ 10,250 ಬಂತು, ಗ್ಲೌಸ್, ಸಿರಿಂಜ್, ಬ್ಯಾಂಡೇಜ್ ಲೆಕ್ಕದಲ್ಲಿ 1,100 ಕಡಿತ. ನಿಮ್ಮ ಪಾಲಿಸಿಯಲ್ಲಿ ಡೇ ಕೇರ್ ಚಿಕಿತ್ಸೆ ಸೇರಿದೆಯಾ ಅಂತ ಮೊದಲು ನೋಡಿ. ಕೆಲವು ಕಡೆ ರಾತ್ರಿ ಉಳಿಯದಿದ್ದರೆ ಕೊಡುವುದಿಲ್ಲ. ಬೇರೆ ಊರು, ಬೇರೆ ಡಾಕ್ಟರ್ ಆದರೆ ಹಣವೂ ಬೇರೆ ಇರುತ್ತೆ. ಎಸ್ಟಿಮೇಟ್ ಕೇಳುವಾಗ ಲ್ಯಾಬ್ ಖರ್ಚು ಸೇರಿದೆಯಾ ಅಂತ ಕೇಳಿ, ಕಮ್ಮಿ ರೇಟ್ ಹೇಳುವ ಕಡೆ ಬಿಟ್ಟುಹೋಗಿರುವುದು ಅದೇ ಇರಬಹುದು.

ಈಗ ಕೆನ್ನೆಯ ಗುಳಿ ತುಂಬಿದೆ. ಗುಲಾಬಿ ಬಣ್ಣ ಹೋಗಿ ಸುತ್ತ ಸ್ವಲ್ಪ ಕಪ್ಪಾಗಿದೆ. ನಮ್ಮ ಚರ್ಮದಲ್ಲಿ ಇದು ಆಗುವಂಥದ್ದೇ, ಕೆಲವು ತಿಂಗಳು ಬೇಕು, ಬಿಸಿಲಿಗೆ ಹೋಗುವ ಮುಂಚೆ ಸನ್‌ಸ್ಕ್ರೀನ್ ತಪ್ಪಿಸಬೇಡಿ ಅಂದಿದ್ದಾರೆ. ಮಾರ್ಚಿನ ಬಿಸಿಲು ಬರುವ ಮುಂಚೆ ಮಾಡಿಸಿದ್ದು ಒಳ್ಳೆಯದಾಯಿತು. ಕುತ್ತಿಗೆಯ ಗೆರೆ ಇನ್ನೂ ಕೆಂಪಗಿದೆ, ರಾತ್ರಿ ಸಿಲಿಕೋನ್ ಜೆಲ್ ಹಚ್ಚುತ್ತೇನೆ. ಕನ್ನಡಿಯಲ್ಲಿ ಕೆನ್ನೆ ನೋಡಿದಾಗ ಒಮ್ಮೊಮ್ಮೆ ಏನೋ ಖಾಲಿ ಅನ್ನಿಸುತ್ತೆ. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದರೋ. ಅಂದಕ್ಕೆ ಅಂತ ತೆಗೆಸುವವರು ಈ ಭಾವನೆ ಬರಬಹುದು ಅಂತ ತಿಳಿದಿರಲಿ.

ಸಂಕ್ರಾಂತಿಗೆ ನಂಜನಗೂಡಿನ ಹತ್ತಿರ ನಮ್ಮ ಊರಿಗೆ ಹೋಗಿದ್ದೆವು. ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಹೊಲದಲ್ಲಿ ಬರಿಗಾಲಲ್ಲೇ ಓಡಾಡುವವರು. ಬಲ ಹಿಮ್ಮಡಿಯಲ್ಲಿ ಕಪ್ಪು ಚುಕ್ಕೆ ಕಂಡಿತು, ಕಡಲೆ ಬೇಳೆಯಷ್ಟು. ಎಷ್ಟು ದಿನದಿಂದ ಅಂದರೆ ಗೊತ್ತಿಲ್ಲ ಅಂದರು. ಬೇಡ ಬೇಡ ಅನ್ನುತ್ತಿದ್ದವರನ್ನು ಮೈಸೂರಿಗೆ ಕರೆದುಕೊಂಡು ಬಂದೆ. ಮೊನ್ನೆ ಶುಕ್ರವಾರ ನನ್ನ ಚೆಕಪ್ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ಅವರನ್ನು ಕೂರಿಸಿದೆ. ಡಾಕ್ಟರ್ ಡರ್ಮೋಸ್ಕೋಪ್ ಇಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ಬ್ಲೇಡಿನಿಂದ ಹಿಮ್ಮಡಿಯ ಗಟ್ಟಿ ಚರ್ಮವನ್ನು ತೆಳ್ಳಗೆ ಹೆರೆದರು. ಕಪ್ಪು ಅದರ ಜೊತೆಗೇ ಬಂತು. ಒಳಗೆ ಹೆಪ್ಪುಗಟ್ಟಿದ್ದ ಹಳೆಯ ರಕ್ತ, ಕೆಳಗಿನ ಚರ್ಮ ಬೆಳ್ಳಗೆ, ಶುಭ್ರವಾಗಿತ್ತು. ಅಪ್ಪ ಚಪ್ಪಲಿ ಹಾಕಿಕೊಂಡು, ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದರು.